ಭಾವ ಕೆತ್ತಿದ ಲೋಟ

ನನ್ನ ಭಾವ ಜೀವಮಾನವೆಲ್ಲ ಜನರ ಕಾಲ ಕೆಳಗೇ ಕೆಲಸ ಮಾಡಿದವರು. ಇದನ್ನು ನಾನು ಕೊಂಕಾಗಿ ಹೇಳುತ್ತಿಲ್ಲ. ಅವರ ಕಸುಬೇ ಅದು. ಆಸ್ಪತ್ರೆ, ಕಚೇರಿ, ಶಾಲೆಗಳ ನೆಲಕ್ಕೆ ಲಿನೋಲಿಯಂ ಹಾಸುತ್ತಿದ್ದರು. ಸುರುಳಿಯಾಗಿ ಬರುವ ಆ ದಪ್ಪ ಹಾಸನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಬೇಕು, ಕಂಬದ ಬುಡಕ್ಕೂ ಬಾಗಿಲ ಚೌಕಟ್ಟಿಗೂ ಸರಿಯಾಗಿ ಕೂರುವಂತೆ ಬಾಗಿದ ಚಾಕುವಿನಿಂದ ಕತ್ತರಿಸಬೇಕು, ಆಮೇಲೆ ಅಂಟು ಬಳಿದ ನೆಲದ ಮೇಲೆ ಮಂಡಿಯೂರಿ ಒತ್ತುತ್ತ ಒತ್ತುತ್ತ ಹಿಂದೆ ಸರಿಯಬೇಕು. ಹೀಗೆ ಹಿಂದೆ ಸರಿಯುತ್ತಲೇ ಅವರಿಗೆ ಅರವತ್ತು ದಾಟಿತು. ಮುಖ ನೋಡಿದರೆ ಯಾರ ಗುರುತೂ ಹತ್ತುತ್ತಿರಲಿಲ್ಲ, ಚಪ್ಪಲಿ ನೋಡಿದರೆ ಯಾರೆಂದು ಥಟ್ಟನೆ ಹೇಳುತ್ತಿದ್ದರು.

ಮಾತು ಮಾತ್ರ ಅವರಿಗೆ ಆಗಿಬರದ ವಿಷಯ. ಅದಕ್ಕೆ ಮನೆಯಲ್ಲಿ ಬೇರೆ ಏರ್ಪಾಡಿತ್ತು: ನನ್ನ ಅಕ್ಕ. ಇಬ್ಬರ ಪಾಲಿನ ಮಾತನ್ನೂ ಅವಳೊಬ್ಬಳೇ ಆಡಿ ಮುಗಿಸುತ್ತಿದ್ದಳು. "ನಮ್ಮನೆಯವರಿಗೆ ನಿನ್ನ ಮೇಲೆ ತುಂಬಾ ಸಿಟ್ಟು ಬಂದಿದೆ ಕಣೋ" ಎಂದು ನನಗೆ ಹೇಳುವಳು. ಪಕ್ಕದಲ್ಲೇ ಕೂತ ಭಾವ ತಮಗೆ ಸಿಟ್ಟು ಬಂದಿದೆಯೆಂದು ಆಗಲೇ ತಿಳಿದವರಂತೆ ಹುಬ್ಬೇರಿಸಿ, ಇರಲಿ ಎಂದು ಸ್ವಲ್ಪ ಸಿಟ್ಟಿನ ಮುಖ ಮಾಡುವರು.

ಮಕ್ಕಳಿಲ್ಲದ ಮನೆ. ಮುಂದಿನ ಕೋಣೆಯನ್ನು ಪೂರ್ತಿ ನುಂಗಿಕೊಂಡು ಅಕ್ಕನ ಕೈಮಗ್ಗ ಕೂತಿತ್ತು. ಟವಲು, ಹೊದಿಕೆ, ಮೇಜಿನ ಬಟ್ಟೆ ನೇಯುತ್ತಿದ್ದಳು. ನೇಯುತ್ತಲೇ ಬೀದಿಯಲ್ಲಿ ಹೋಗುವವರನ್ನು ಕಿಟಕಿಯಿಂದ ಕರೆದು ಮಾತಾಡಿಸುವಳು; ಲಾಳಿ ಒಂದು ಕಡೆ ಓಡಿದರೆ ನಾಲಿಗೆ ಇನ್ನೊಂದು ಕಡೆ. ನೇಯುವಾಗ ಎಳೆ ಹರಿಯದಿರಲಿ ಎಂದು ನೂಲಿಗೆ ಗಟ್ಟಿಯಾಗಿ ಗಂಜಿ ಬಳಿಯುತ್ತಿದ್ದಳು. ಹಾಗಾಗಿ ಬಟ್ಟೆ ಕೊಂಡು ಹೊಸ್ತಿಲು ದಾಟುವ ಪ್ರತಿಯೊಬ್ಬರಿಗೂ ಒಂದೇ ಪಾಠ: "ಮೊದ್ಲು ನೀರಲ್ಲಿ ನೆನೆಹಾಕಿ. ಗಂಜಿ ಪೂರಾ ಬಿಡ್ಲಿ. ಆಮೇಲೆ ಏನ್ ಬೇಕಾದ್ರೂ ಮಾಡ್ಕೊಳ್ಳಿ." ಆ ಮನೆಗೆ ಹೋಗಿಬರುವ ನಾವೆಲ್ಲ ಇದನ್ನು ಎಷ್ಟು ಸಲ ಕೇಳಿದ್ದೆವೆಂದರೆ, ಗೋಡೆ ಗಡಿಯಾರದ ಸದ್ದಿನ ಹಾಗೆ ಅದು ಕಿವಿಗೆ ಬೀಳುವುದೇ ನಿಂತುಹೋಗಿತ್ತು.

ಒಂದು ಬೆಳಿಗ್ಗೆ ಮಗ್ಗದ ಸದ್ದು ನಿಂತಿತು. ದಾರ ತುಂಡಾಗಿರಬೇಕು ಎಂದುಕೊಂಡ ಭಾವ ಹಿಂದಿನ ಅಂಗಳದಲ್ಲಿ ಚಾಕು ಮಸೆಯುತ್ತಲೇ ಇದ್ದರು. ದಾರ ತುಂಡಾಗಿದ್ದರೆ ಬೈಗುಳ ಕೇಳಬೇಕಿತ್ತಲ್ಲ ಎಂದು ಹೊಳೆದ ಮೇಲೆ ಒಳಗೆ ಓಡಿದರು. ಅಕ್ಕ ಮಗ್ಗದ ಮೇಲೆ ಓರೆಯಾಗಿ ಒರಗಿದ್ದಳು. ಬಲಗೈ ಎಳೆಗಳ ನಡುವೆ ಸಿಕ್ಕಿಕೊಂಡಿತ್ತು. ಕಣ್ಣು ತೆರೆದೇ ಇತ್ತು.

ಲಕ್ವ. ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮನ್ನು ಕಾರಿಡಾರಿಗೆ ಕರೆದು ಬಲಗೈ, ಬಲಗಾಲು, ಮಾತು ಹೀಗೆ ಹೋದದ್ದನ್ನೆಲ್ಲ ಮೆಲ್ಲಗೆ ಹೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಪಕ್ಕಕ್ಕೆ ತಿರುಗಿದರೆ ಭಾವ ಇಲ್ಲ. ನೋಡಿದರೆ ನೆಲದ ಮೇಲೆ ಮಂಡಿಯೂರಿ ಕೂತಿದ್ದಾರೆ. ಆ ಕಾರಿಡಾರಿನ ಹಾಸು ಎಂದೋ ಅವರೇ ಹಾಕಿದ್ದು. ಒಂದು ಕಡೆ ಕೂಡುಗೆರೆ ಎದ್ದು ಬಾಯಿಬಿಟ್ಟಿತ್ತು. ಅದನ್ನು ಹೆಬ್ಬೆರಳಿಂದ ಒತ್ತುತ್ತಿದ್ದರು. ಬಿಟ್ಟರೆ ಏಳುತ್ತಿತ್ತು, ಮತ್ತೆ ಒತ್ತುತ್ತಿದ್ದರು. ಡಾಕ್ಟರು ಅವರ ನೆತ್ತಿಗೇ ಉಳಿದದ್ದನ್ನು ಹೇಳಿ ಮುಗಿಸಿದರು: "ಮೊದಲ ಕೆಲವು ತಿಂಗಳಲ್ಲಿ ಏನು ವಾಪಸ್ ಬರುತ್ತೋ ಅದೇ. ಆಮೇಲೆ ಕಷ್ಟ."

ಮನೆಗೆ ಬಂದ ಅಕ್ಕನ ಬಾಯಲ್ಲಿ ಉಳಿದದ್ದು ಒಂದೇ ಪದ. ದೇವರು ಇಷ್ಟು ದೊಡ್ಡ ಉಗ್ರಾಣ ದೋಚಿ ಒಂದು ಡಬ್ಬಿ ಬಿಟ್ಟುಹೋದಂತೆ, "ಆಮೇಲೆ" ಎಂಬುದೊಂದು ಉಳಿದಿತ್ತು. ಊಟ ಮಾಡ್ತೀಯಾ ಎಂದರೆ "ಆಮೇಲೆ". ಮಲಗ್ತೀಯಾ ಎಂದರೂ "ಆಮೇಲೆ". ನಾನು ಯಾರು ಹೇಳಕ್ಕ ಎಂದು ನಾನು ಬಗ್ಗಿ ಕೇಳಿದಾಗಲೂ ನನ್ನ ಮುಖವನ್ನೇ ದಿಟ್ಟಿಸಿ, "ಆಮೇಲೆ" ಅಂದಳು. ಪತ್ರಿಕೆಗೆ ನಗೆಬರಹ ಬರೆದು, ಮಾತು ಮಾರಿ ಬದುಕುವವನು ನಾನು. ನನ್ನ ಅಂಗಡಿಗೆ ಸರಕು ಬರುತ್ತಿದ್ದದ್ದೇ ಅವಳ ನಾಲಿಗೆಯಿಂದ ಎಂದು ಆವತ್ತು ಗೊತ್ತಾಯಿತು.

ಅವಳಿಗೇನೋ ಹೇಳಬೇಕಿರುತ್ತಿತ್ತು. ಅದೇ ಸಂಕಟ. ಎಡಗೈ ಎತ್ತಿ ಎತ್ತಲೋ ತೋರಿಸುವಳು. ನಾವು ಕಿಟಕಿ ತೆರೆಯುವೆವು, ಮುಚ್ಚುವೆವು, ಫ್ಯಾನ್ ಹಾಕುವೆವು, ದಿಂಬು ತಿರುಗಿಸುವೆವು. ಎಲ್ಲ ತಪ್ಪಾದ ಮೇಲೆ ಅವಳು ಗೋಡೆಗೆ ತಿರುಗಿ ಅಳುವಳು. ಭಾವ ಹೆದರಿದರು. ಹೆದರಿಕೆಯಲ್ಲಿ ಅವರು ಮಾತಾಡಲು ಶುರುಮಾಡಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಂಚದ ಪಕ್ಕ ನೆಲದ ಮೇಲೆ ಕೂತು ಯಾವ ಶಾಲೆಯ ನೆಲ ಎಷ್ಟು ಓರೆ, ಯಾವ ಕಚೇರಿಯಲ್ಲಿ ಅಂಟು ಹಿಡಿಯಲಿಲ್ಲ ಎಂದು ಹೇಳುತ್ತಲೇ ಇರುವರು. ಮಾತು ಬಾರದವರು ಪ್ರಾಣಭಯದಿಂದ ಮಾತಾಡುವುದನ್ನು ಕೇಳಿಸಿಕೊಳ್ಳುವುದು ಬಹಳ ಕಷ್ಟ. ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ಸೆರಗಿಂದ ಕಣ್ಣೊರೆಸಿಕೊಂಡು ಬರುತ್ತಿದ್ದಳು.

ಆಸ್ಪತ್ರೆಯ ಕಡೆಯಿಂದ ವಾರಕ್ಕೊಮ್ಮೆ ಮಾತಿನ ಟೀಚರ್ ಬರುತ್ತಿದ್ದಳು. ಚಿಕ್ಕ ವಯಸ್ಸಿನ ತಾಳ್ಮೆಯ ಹುಡುಗಿ. ಅವಳ ಚೀಲದಲ್ಲಿ ಹೊಳೆಯುವ ಚಿತ್ರದ ಕಾರ್ಡುಗಳಿದ್ದವು. ಬೇಕಾದ ಚಿತ್ರವನ್ನು ಬೆರಳಿಂದ ಮುಟ್ಟಿ ತೋರಿಸಿದರೆ ಅದೇ ಮಾತು. ಆದರೆ ಆ ಚಿತ್ರಗಳಲ್ಲಿದ್ದ ಲೋಟಕ್ಕೆ ಕೊಳವೆ ಸಿಕ್ಕಿಸಿತ್ತು, ಚಪ್ಪಲಿಗೆ ಹಿಮ್ಮಡಿ ಎತ್ತರವಿತ್ತು, ಗಂಡನ ಚಿತ್ರಕ್ಕೆ ಟೈ ಇತ್ತು. ಅಕ್ಕ ಎಲ್ಲವನ್ನೂ ಒಂದೇ ಏಟಿಗೆ ನೆಲಕ್ಕೆ ಗುಡಿಸಿಹಾಕಿದಳು. ನಾನು ಫೋನಿನಲ್ಲಿ ಮನೆಯ ಸಾಮಾನಿನ ಫೋಟೋ ಹೊಡೆದು ತಂದೆ. ಅದರಲ್ಲಿ ಲೋಟದ ಹಿಂದೆ ಕಿಟಕಿ, ಕಿಟಕಿಯ ಹಿಂದೆ ಒಗೆದ ಬಟ್ಟೆ, ಮೂಲೆಯಲ್ಲಿ ನನ್ನ ಹೆಬ್ಬೆರಳು.

"ಇಷ್ಟೆಲ್ಲ ಒಟ್ಟಿಗೆ ಬಂದ್ರೆ ಅವರಿಗೆ ಗಲಿಬಿಲಿ ಸರ್. ಅವರದೇ ಸಾಮಾನು ಬೇಕು, ಆದ್ರೆ ಬರೀ ಕಪ್ಪು ಆಕಾರ ಇರ್ಬೇಕು. ಯಾರಾದ್ರೂ ಚಿತ್ರ ಬರೀತೀರಾ?" ಎಂದಳು ಟೀಚರ್.

ನಾನು ಬರೆದೆ. ನನ್ನ ಲೋಟ ನೋಡಿ ನನ್ನ ಹೆಂಡತಿ, "ಬಕೆಟ್ಟು ಚೆನ್ನಾಗಿ ಬಂದಿದೆ" ಅಂದಳು. ಅಕ್ಕ ಅದನ್ನು ಎಡಗೈಯಲ್ಲಿ ಮುದುರಿ ನನ್ನ ಮೇಲೇ ಎಸೆದಳು. ಕಾಗದವೆಂದರೇ ಅವಳಿಗೆ ಆಗುತ್ತಿರಲಿಲ್ಲ. ಮಡಿಲಿಗೆ ಬಟ್ಟೆ ಹಾಕಿದರೆ ಮಾತ್ರ ಅದರ ಅಂಚನ್ನು ಬೆರಳಲ್ಲಿ ಹೊಸೆಯುತ್ತ ಎಷ್ಟು ಹೊತ್ತಾದರೂ ಸುಮ್ಮನಿರುತ್ತಿದ್ದಳು.

ಭಾವ ಇದನ್ನೆಲ್ಲ ನೋಡುತ್ತ ಕೂತಿದ್ದರು. ಟೀಚರ್ ಹೋದ ಮೇಲೆ ಮಂಚದ ಕೆಳಗೆ ತೂರಿ, ಹಳೆಯ ಕೆಲಸಗಳಲ್ಲಿ ಉಳಿದ ಲಿನೋಲಿಯಂ ತುಂಡುಗಳನ್ನು ಎಳೆದು ಹಾಕಿದರು.

"ಇದನ್ನ ಕೆತ್ತಿದ್ರೆ ಅಚ್ಚಾಗಲ್ವೇನಯ್ಯಾ? ಬಟ್ಟೆ ಮೇಲೆ ಒತ್ಬಹುದು."

"ಆಗುತ್ತೆ ಅಂತ ಎಲ್ಲೋ ಓದಿದೀನಿ. ಆದ್ರೆ ಅದಕ್ಕೆ ಕಲಿತಿರ್ಬೇಕು ಭಾವ."

"ಯಾರ ಹತ್ರ ಕಲೀಲಿ, ಈಗ? ಡಾಕ್ಟ್ರು ಹೇಳಿದ ತಿಂಗಳು ಓಡ್ತಾ ಇದೆ." ಮುಖ ಎತ್ತಲಿಲ್ಲ ಅವರು. "ನಿನ್ನ ಕೊಡೆ ಎಲ್ಲಿ?"

ಕೊಡೆ ಕೊಟ್ಟೆ. ಹೊರಗೆ ಹೋಗುತ್ತಾರೇನೋ ಎಂದುಕೊಂಡರೆ, ಅದರ ಒಂದು ಕಡ್ಡಿಯನ್ನು ಲಟಕ್ಕನೆ ಮುರಿದರು. ಕೊಡೆಯ ಕಡ್ಡಿಗೆ ಒಳಗೆ ತೋಡಿದಂತೆ ಕಾಲುವೆಯಿರುತ್ತದೆ. ಅದರ ತುದಿ ಮಸೆದು ಮರದ ಹಿಡಿಗೆ ಸಿಕ್ಕಿಸಿದರೆ ಕೆತ್ತುವ ಉಳಿ ತಯಾರು. ಉಳಿ ಮೊಂಡಾದಂತೆಲ್ಲ ಇನ್ನೊಂದು ಕಡ್ಡಿ. ಆ ಮಳೆಗಾಲವಿಡೀ ನನ್ನ ಕೊಡೆ ಅವರ ಮನೆಯಲ್ಲಿ ಎಲುಬು ಕಳೆದುಕೊಳ್ಳುತ್ತ ಹೋಯಿತು, ನಾನು ನೆನೆಯುತ್ತ ಹೋದೆ.

ಕತ್ತರಿಸುವುದು ಭಾವನಿಗೆ ಗೊತ್ತಿತ್ತು. ಚಿತ್ರ ಬರೆಯುವುದು ಗೊತ್ತಿರಲಿಲ್ಲ. ಅವರು ಎಳೆದ ಗೆರೆಯೆಲ್ಲ ಗೋಡೆಯಂಚಿನಂತೆ ನೇರ. ಕೊನೆಗೆ ಕಸುಬಿನ ದಾರಿಯನ್ನೇ ಹಿಡಿದರು. ಕಂಬದ ಬುಡಕ್ಕೆ ಹಾಸು ಕತ್ತರಿಸುವಾಗ ಕಂಬವನ್ನು ಚಿತ್ರಿಸುವುದಿಲ್ಲ, ಅದರ ಸುತ್ತ ಗೆರೆ ಎಳೆಯುತ್ತಾರೆ. ಹಾಗೆಯೇ ಲೋಟವನ್ನು ಹಾಸಿನ ಮೇಲೆ ಮಲಗಿಸಿ ಸುತ್ತ ಗೆರೆ ಎಳೆದರು. ಅಕ್ಕನ ಬಾಚಣಿಗೆ, ಕನ್ನಡಕ, ಚಪ್ಪಲಿ, ಲಾಳಿ, ಮಾತ್ರೆಯ ಡಬ್ಬಿ, ಹೀಗೆ ಮಲಗಿಸಬಹುದಾದದ್ದನ್ನೆಲ್ಲ ಮಲಗಿಸಿದರು. ಗೆರೆಯ ಹೊರಗಿನದನ್ನು ಕೊಡೆ ಕಡ್ಡಿಯಿಂದ ತೋಡಿ ತೆಗೆದರೆ ಸಾಮಾನಿನ ಆಕಾರ ಎದ್ದು ನಿಲ್ಲುತ್ತಿತ್ತು. ನನ್ನ ಗುರುತಿಗೆ ನನ್ನ ಕೊಡೆಯ ಅಸ್ಥಿಪಂಜರವನ್ನೇ ಮಲಗಿಸಿದರು. ತಮ್ಮ ಗುರುತಿಗೆ ಎಡ ಅಂಗೈ ಅಗಲಿಸಿಟ್ಟು ತಾವೇ ಗೆರೆ ಎಳೆದುಕೊಂಡರು. ಕೆತ್ತುವಾಗ ಉಳಿ ಜಾರಿ ಅದೇ ಅಂಗೈಗೆ ಚುಚ್ಚಿತು. ರಕ್ತ ಒರೆಸಿ ಮುಂದುವರಿಸಿದರು. ಇದಕ್ಕೆ ಬಿಸಿಲು ಬೇಕು, ತಣ್ಣಗಿದ್ದರೆ ಹಾಸು ಬಿರುಕು ಬಿಡುತ್ತದೆ ಎಂದು ಮಳೆ ಬಂದಾಗ ತುಂಡನ್ನು ಅಂಗಿಯೊಳಗಿಟ್ಟುಕೊಂಡು ಎದೆಯ ಕಾವಿಗೆ ಮೆತ್ತಗೆ ಮಾಡಿಕೊಳ್ಳುತ್ತಿದ್ದರು.

ಮಸಿಗಾಗಿ ಅಂಗಡಿ ಮುಚ್ಚಿದ ಒಬ್ಬ ಮುದ್ರಣದವರ ಹತ್ತಿರ ಹೋದೆವು. ಅವರು ಮೂಲೆಯಿಂದ ಕೆನೆಗಟ್ಟಿದ ಡಬ್ಬಿ ತೆಗೆದು, "ಏನು ಅಚ್ಚು ಹಾಕ್ತೀರಿ, ಆಮಂತ್ರಣನಾ?" ಎಂದರು.

"ಲೋಟ," ಎಂದರು ಭಾವ.

"ಲೋಟಾನಾ?"

"ಚಪ್ಪಲಿನೂ ಇದೆ."

ಮುದ್ರಣದವರು ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ. ಅವರು ಹೆಚ್ಚು ಕೇಳದೆ ಡಬ್ಬಿ ಕೊಟ್ಟರು.

ಲಟ್ಟಣಿಗೆಗೆ ಸೈಕಲ್ ಟ್ಯೂಬು ಬಿಗಿದು ಮಸಿ ಹಚ್ಚುವ ರೋಲರು ಮಾಡಿದರು. ಒತ್ತುವ ಯಂತ್ರವಿಲ್ಲ, ಮಂಡಿಯಿತ್ತು. ಅಚ್ಚನ್ನು ಕವುಚಿಟ್ಟು ಅದರ ಮೇಲೆ ಮಂಡಿಯೂರಿ ಮೈಭಾರ ಬಿಡುವರು. ಹಾಗಾಗಿ ಅವರ ಪ್ರತಿ ಚಿತ್ರದ ನಡುವೆಯೂ ಒಂದು ದುಂಡನೆಯ ಹೆಚ್ಚು ಕಪ್ಪು. ಮೊದಲ ಲೋಟ ಬಿದ್ದದ್ದು ಹಳೆಯ ಪತ್ರಿಕೆಯಲ್ಲಿ ನನ್ನ ನಗೆಬರಹದ ಮೇಲೆ. ನನ್ನ ಬರಹದಲ್ಲಿ ಏನಾದರೂ ಗಟ್ಟಿ ಸರಕು ಕಂಡದ್ದು ಅದೇ ಮೊದಲು.

'ನೋವು' ಎಂಬುದನ್ನು ಮಾತ್ರ ಮಲಗಿಸಿ ಗೆರೆ ಎಳೆಯಲು ಬರುವುದಿಲ್ಲವಲ್ಲ. ಒಂದು ಮಧ್ಯಾಹ್ನ ಮಂಚಕ್ಕೊರಗಿ ಕೂತ ಅಕ್ಕನ ನೆರಳು ಗೋಡೆಯ ಮೇಲೆ ಬಿದ್ದಿತ್ತು. ತಲೆ ತಗ್ಗಿ, ಬಲಗೈ ಜೋತುಬಿದ್ದ ನೆರಳು. ಭಾವ ಹಾಸಿನ ತುಂಡನ್ನು ಗೋಡೆಗೆ ಹಿಡಿದು, ಕೈ ನಡುಗದಂತೆ ಉಸಿರು ಕಟ್ಟಿ, ನೆರಳಿನ ಸುತ್ತ ಗೆರೆ ಎಳೆದರು. ದಿನಗಟ್ಟಲೆ ಕೆತ್ತಿದರು. ಒತ್ತಿ ತೆಗೆದರೆ ಎಲ್ಲ ತಿರುವುಮುರುವು! ಅಚ್ಚಿನ ಎಡ ಬಲವಾಗುತ್ತದೆಂದು ಲೋಟ, ಬಾಚಣಿಗೆ ಯಾವುದೂ ಅವರಿಗೆ ಹೇಳಿರಲಿಲ್ಲ. ಚಿತ್ರದಲ್ಲಿ ಗಟ್ಟಿಯಿದ್ದ ಎಡಗೈ ಜೋತುಬಿದ್ದಿತ್ತು.

ಅಕ್ಕ ಚಿತ್ರ ನೋಡಿದಳು. ತನ್ನ ಎಡಗೈಯನ್ನು ಕಣ್ಣೆದುರು ತಂದು ಹಿಂದೆ ಮುಂದೆ ತಿರುಗಿಸಿ, ನೆಟ್ಟಗಿದೆಯೇ ಎಂದು ಪರೀಕ್ಷಿಸಿಕೊಂಡಳು. ಆಮೇಲೆ ಗಂಡನ ಕಡೆ ಒಂದು ನೋಟ ಎಸೆದಳು. 'ಇಂಥವನನ್ನು ಕಟ್ಟಿಕೊಂಡೆನಲ್ಲ' ಎಂಬ ಆ ನೋಟ ನಮಗೆಲ್ಲ ಹಳೆಯದು. ಕಾಯಿಲೆ ಬಂದ ಮೇಲೆ ಅದು ಬಂದಿರಲೇ ಇಲ್ಲ.

"ನೋಡಿದ್ಯಾ?" ಎಂದರು ಭಾವ, ನನ್ನ ತೋಳು ಹಿಂಡಿ. "ನೋಡಿದ್ಯಾ, ಬೈದ್ಲು! ಅವಳಿಗೆ ಚಿತ್ರ ಗೊತ್ತಾಗುತ್ತೆ ಕಣಯ್ಯಾ!"

ಹಾಳಾದ ಅಚ್ಚನ್ನು ಬದಿಗಿಟ್ಟು ಅದೇ ಚಿತ್ರವನ್ನು ತಿರುವುಮುರುವಾಗಿ ಇನ್ನೊಂದು ತುಂಡಿನ ಮೇಲೆ ಕೆತ್ತಲು ಕೂತರು. ಅದು ಮುಗಿಯುವ ಹೊತ್ತಿಗೆ ಟೀಚರ್ ಬಾಗಿಲ ಬಳಿ ನನ್ನನ್ನು ನಿಲ್ಲಿಸಿ ತಗ್ಗಿದ ದನಿಯಲ್ಲಿ ಹೇಳಿದಳು: ಏನೂ ಪ್ರಗತಿ ಕಾಣದಿದ್ದರೆ ಆಸ್ಪತ್ರೆಯವರು ತನ್ನನ್ನು ಬೇರೆ ಮನೆಗೆ ಹಾಕುತ್ತಾರೆ, ಇಲ್ಲಿಗೆ ಇನ್ನು ಹೆಚ್ಚು ಸಲ ಬರಲಾಗುವುದಿಲ್ಲ. ಭಾವ ಕೇಳಿಸಿಕೊಂಡರು. ಎದ್ದು ಮುಂದಿನ ಕೋಣೆಗೆ ಹೋದರು.

ಮಗ್ಗದ ಮೇಲೆ ಅಕ್ಕ ನೇಯ್ದ ಕೊನೆಯ ಬಟ್ಟೆ ಹಾಗೇ ಸುತ್ತಿಕೊಂಡಿತ್ತು. ಅವಳು ನೇಯ್ದ ಬೇರೆಯದೆಲ್ಲ ಮಾರಿಹೋಗಿತ್ತು, ಮನೆಯಲ್ಲಿ ಇದ್ದದ್ದು ಅಂಗಡಿಯ ಬಟ್ಟೆ. ಆದರೆ ಅವಳದೇ ಕೈಯ ನೇಯ್ಗೆಯಾದರೆ ಅವಳು ಎಸೆಯುವುದಿಲ್ಲ ಎಂದು ಭಾವನ ಲೆಕ್ಕ. ನೆಲಹಾಸು ಕತ್ತರಿಸುವ ಚಾಕು ತೆಗೆದು ಎಳೆಗಳ ಮೇಲಿಟ್ಟರು. ತೆರೆದ ಬಾಗಿಲಿಂದ ಅಕ್ಕನಿಗೆ ಕಾಣುತ್ತಿತ್ತು. "ಆಮೇಲೆ!" ಎಂದು ಕೂಗಿದಳು. ಚಾಕು ನಿಂತಿತು. "ಆಮೇಲೆ! ಆಮೇಲೆ!" ಎಡಗೈ ಬಚ್ಚಲ ಕಡೆ ಬೀಸುತ್ತಿತ್ತು.

"ಅತ್ತಿಗೆ, ಬಚ್ಚಲಿಗೆ ಹೋಗ್ಬೇಕಾ? ಬನ್ನಿ" ಎಂದು ನನ್ನ ಹೆಂಡತಿ ಎಬ್ಬಿಸಲು ಹೋದರೆ ಅವಳ ಕೈಗೆ ಫಟಾರನೆ ಒಂದು ಬಿತ್ತು.

"ಮಗ್ಗ ಖಾಲಿಯಾಗೋದು ಅವಳಿಗೆ ಸಹಿಸೋಕಾಗ್ತಿಲ್ಲ," ಎಂದರು ಭಾವ. ಮುಖ ಆ ಕಡೆ ತಿರುಗಿಸಿಕೊಂಡು ಎಳೆಗಳನ್ನು ಕೊಯ್ದರು. ತುಂಡಾದ ಎಳೆಗಳು ಒಂದೊಂದಾಗಿ ಜೋತುಬಿದ್ದವು.

ಬಟ್ಟೆ ಗರಿಗರಿಯಾಗಿತ್ತು, ಕಾಗದದಂತೆ ನೆಟ್ಟಗೆ ನಿಲ್ಲುತ್ತಿತ್ತು. "ಎಷ್ಟು ಚೆನ್ನಾಗಿದೆ ನೋಡು, ಮಸಿ ಹರಡೋದೇ ಇಲ್ಲ," ಎಂದು ಭಾವ ಸಂಭ್ರಮಪಟ್ಟರು. ನಾನೂ ತಲೆಯಾಡಿಸಿದೆ. ನೆಲಕ್ಕೆ ಹಳೆಯ ಕಂಬಳಿ ಹಾಸಿ, ಅದರ ಮೇಲೆ ಬಟ್ಟೆ ಬಿಡಿಸಿ, ಒಂದೊಂದೇ ಅಚ್ಚಿಟ್ಟು ಮಂಡಿಯೂರಿದರು. ಇನ್ನೊಂದು ಸಲ ಒತ್ತಲು ಬಟ್ಟೆಯಿಲ್ಲ. ಅವಳು ಇನ್ನು ನೇಯುವುದಿಲ್ಲ. ಒಂದೊಂದು ಅಚ್ಚು ಎತ್ತುವಾಗಲೂ ಕಣ್ಣು ಮುಚ್ಚಿಕೊಂಡು ಎತ್ತಿ, "ಬಂತಾ?" ಎಂದು ನನ್ನನ್ನು ಕೇಳುವರು. ಬಂದಿತ್ತು. ಲೋಟ, ಚಪ್ಪಲಿ, ಕೊಡೆ, ಲಾಳಿ, ಅಂಗೈ, ಸರಿಯಾದ ಕೈ ಜೋತುಬಿದ್ದ ಹೆಂಗಸು, ಎಲ್ಲ ಕಡುಕಪ್ಪಾಗಿ, ಅಂಚು ಚಾಕುವಿನಷ್ಟು ಹರಿತವಾಗಿ ಬಂದಿದ್ದವು. ಒಣಗಲು ಹಗ್ಗಕ್ಕೆ ಹಾಕಿ ಅದರ ಕೆಳಗೆ ಕಾವಲಿಗೆ ಕೂತರು.

ಒಣಗಿದ ಬಟ್ಟೆಯನ್ನು ಅಕ್ಕನ ಮಡಿಲಲ್ಲಿ ಹರಡಿದೆವು. ಎಸೆಯಲಿಲ್ಲ. ಅಂಚು ಮುಟ್ಟಿದಳು, ಬೆರಳಿಂದ ಉಜ್ಜಿ ನೋಡಿದಳು. ಆಮೇಲೆ ಎಡಗೈಯ ತೋರುಬೆರಳು ಮೆಲ್ಲಗೆ ಸರಿದು ಲೋಟದ ಮೇಲೆ ನಿಂತಿತು.

"ನೀರು!" ಎಂದು ನಾವು ಮೂವರೂ ಒಟ್ಟಿಗೆ ಕಿರುಚಿದೆವು. ಭಾವ ನೀರು ತರಲು ಓಡಿದ ರಭಸಕ್ಕೆ ಹೊಸ್ತಿಲು ಎಡವಿದರು.

ಅಕ್ಕ ನೀರಿನ ಲೋಟವನ್ನು ನೋಡಿ, ಕುಡಿಸಲು ಹೋದ ಗಂಡನ ಕೈ ತಳ್ಳಿದಳು. ಮತ್ತೆ ಬೆರಳು ಚಿತ್ರದ ಲೋಟಕ್ಕೆ. ಬಿಸಿನೀರು ತಂದೆವು. ತಳ್ಳಿದಳು. ಮತ್ತೆ ಲೋಟ. ಹಾಲು ತಂದೆವು. ತುಟಿ ಬಿಗಿದಳು. ಲೋಟ, ಲೋಟ, ಲೋಟ. "ಆಮೇಲೆ," ಎಂದಳು, ಬೆರಳಿಂದ ಬಡಿಬಡಿದು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಬೇರೆ ಯಾವ ಚಿತ್ರವನ್ನೂ ಮುಟ್ಟಲಿಲ್ಲ. ಭಾವ ತಮ್ಮ ಅಂಗೈಯ ಚಿತ್ರವನ್ನು ಅವಳ ಬೆರಳ ಹತ್ತಿರಕ್ಕೆ ಮೆಲ್ಲಗೆ ಸರಿಸುವರು, ನಾನು ನೋಡಲಿಲ್ಲವೆಂದುಕೊಂಡು. ಬೆರಳು ಅದನ್ನು ದಾಟಿ ಲೋಟಕ್ಕೇ ಹೋಗುತ್ತಿತ್ತು.

ಟೀಚರ್ ಬಂದು ಬಹಳ ಹೊತ್ತು ಪಕ್ಕದಲ್ಲಿ ಕೂತು ನೋಡಿದಳು. "ಚಿತ್ರಗಳು ತುಂಬಾ ಚೆನ್ನಾಗಿವೆ," ಎಂದಳು. ಅವಳು ಚೆನ್ನಾಗಿವೆ ಎಂದ ರೀತಿಯಲ್ಲೇ ಮುಂದೊಂದು 'ಆದರೆ' ಕಾದಿತ್ತು. "ಆದ್ರೆ ಅಮ್ಮ ತೋರಿಸೋದು ಒಂದು, ಅವರಿಗೆ ಬೇಕಾಗಿರೋದು ಇನ್ನೊಂದು. ಚಿತ್ರಕ್ಕೂ ವಸ್ತುವಿಗೂ ಸಂಬಂಧ ಕೂಡ್ತಾ ಇಲ್ಲ ಅನ್ಸುತ್ತೆ. ಕೆಲವರಲ್ಲಿ ಕೂಡೋದಿಲ್ಲ. ನಿಮ್ಮ ತಪ್ಪಲ್ಲ." ಚೀಲಕ್ಕೆ ಕಾರ್ಡು ತುಂಬಿಕೊಂಡು, ಅಕ್ಕನ ಕೆನ್ನೆ ಸವರಿ, ಹೋದಳು. ಮುಂದಿನ ವಾರ ಬರುತ್ತೇನೆ ಎನ್ನಲಿಲ್ಲ.

ಭಾವ ಕೂತಲ್ಲಿಂದ ಏಳಲಿಲ್ಲ. ಅಚ್ಚುಗಳನ್ನೆಲ್ಲ ಒಟ್ಟುಮಾಡಿ, ಕುಂಟುತ್ತಿದ್ದ ಮಂಚದ ಕಾಲಿನ ಕೆಳಗೆ ಒಂದರ ಮೇಲೊಂದು ತುರುಕಿದರು. ಮಂಚ ಅಲುಗಾಡುವುದು ನಿಂತಿತು. ಅಷ್ಟಕ್ಕಾದರೂ ಬಂತಲ್ಲ ಎಂದು ನಾನು ತಮಾಷೆ ಮಾಡಲು ಹೋದೆ. ಜೀವನದಲ್ಲಿ ನನ್ನ ಎಷ್ಟೋ ಹಾಸ್ಯಗಳು ನೆಲಕಚ್ಚಿವೆ. ಅಷ್ಟು ಜೋರಾಗಿ ಯಾವುದೂ ಬಿದ್ದಿಲ್ಲ.

"ನನಗೆ ಮಾತು ಬರಲ್ಲ ಅಂತ ನಿಂಗೊತ್ತು," ಎಂದರು ಭಾವ. "ನನಗೆ ಏನನ್ಸುತ್ತೆ ಅಂತ್ಲೂ ಅವಳೇ ಹೇಳ್ತಿದ್ದಿದ್ದು. ಈಗ ನನಗೆ ಏನನ್ಸುತ್ತೆ ಅಂತ ಯಾರನ್ನ ಕೇಳ್ಲಯ್ಯಾ ನಾನು?"

ಮಾತು ಮಾರುವವನ ಅಂಗಡಿ ಆವತ್ತು ಪೂರಾ ಖಾಲಿ.

ಆಮೇಲಿನ ದಿನಗಳಲ್ಲಿ ಆ ಮನೆಗೆ ಹೋಗುವುದೆಂದರೆ ಕಾಲೇ ಏಳುತ್ತಿರಲಿಲ್ಲ. ಭಾವ ಮಾತಾಡುವುದನ್ನೂ ಬಿಟ್ಟಿದ್ದರು. ಹೊತ್ತಿಗೆ ಸರಿಯಾಗಿ ತಿನ್ನಿಸುವರು, ಒರೆಸುವರು, ಮಗ್ಗುಲು ಬದಲಿಸುವರು, ಮತ್ತೆ ನೆಲಕ್ಕೆ ಕೂರುವರು. ಅಕ್ಕ ಬಟ್ಟೆಯನ್ನು ಮಾತ್ರ ಮಡಿಲಿಂದ ಬಿಟ್ಟಿರಲಿಲ್ಲ. ಆಗಾಗ ಲೋಟದ ಮೇಲೆ ಬೆರಳಿಡುವಳು. ಭಾವ ಎದ್ದು ನೀರು ತರುವರು, ಅವಳು ತಳ್ಳುವಳು, ಅವರು ವಾಪಸ್ ಇಡುವರು. ಇಬ್ಬರೂ ಒಬ್ಬರಿಗೊಬ್ಬರು ದಣಿದುಹೋಗಿದ್ದರು.

ಒಂದು ಮಧ್ಯಾಹ್ನ ನಾನು ಅಲ್ಲೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದೆ. ಭಾವ ಮಾತ್ರೆಯ ಹೊತ್ತಾಯಿತೆಂದು ನೀರು ತಂದರು. ಅಕ್ಕ ಈ ಸಲ ತಳ್ಳಲಿಲ್ಲ. ಎಡಗೈಯಿಂದ ಲೋಟವನ್ನು ಕಿತ್ತುಕೊಂಡಳು. ಮೊದಲು ಗಂಡನನ್ನು, ಆಮೇಲೆ ನನ್ನನ್ನು, ಕಾಪಿ ತಪ್ಪು ಬರೆದ ದಡ್ಡರನ್ನು ನೋಡುವ ಮೇಷ್ಟ್ರಂತೆ ನೋಡಿದಳು. ನೋಡಿ, ಲೋಟವನ್ನು ಬಗ್ಗಿಸಿ ನೀರನ್ನೆಲ್ಲ ಮಡಿಲ ಬಟ್ಟೆಯ ಮೇಲೆ ಸುರಿದುಬಿಟ್ಟಳು.

"ಅಯ್ಯೋ, ಅಯ್ಯೋ, ಅಚ್ಚು!" ಎಂದು ಭಾವ ಬಟ್ಟೆ ಎಳೆದುಕೊಳ್ಳಲು ಹೋದರು. ಅವಳು ಬಿಡಲಿಲ್ಲ. ಒದ್ದೆ ಬಟ್ಟೆಯನ್ನು ತೊಡೆಗೆ ಒತ್ತಿ ಒಂದೇ ಕೈಯಲ್ಲಿ ಉಜ್ಜತೊಡಗಿದಳು. ಲೋಟದ ಚಿತ್ರ ಹಪ್ಪಳಿಕೆಯೆದ್ದು ಚೂರುಚೂರಾಗಿ ಕಳಚಿತು. ಚಪ್ಪಲಿ ಹೋಯಿತು. ಕೊಡೆ ಹೋಯಿತು. ಭಾವನ ಅಂಗೈ ಬೆರಳು ಬೆರಳಾಗಿ ಕಿತ್ತುಬಂತು. ತಿಂಗಳುಗಟ್ಟಲೆ ಕೆತ್ತಿದ್ದು ನಮ್ಮ ಕಣ್ಣೆದುರು ಕಪ್ಪು ಲೋಳೆಯಾಗಿ ಅವಳ ಸೀರೆಯಿಂದ ತೊಟ್ಟಿಕ್ಕಿತು. ಭಾವ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕುಸಿದರು.

ಅಕ್ಕ ತನ್ನ ಅಂಗೈ ಎತ್ತಿ ಅವರ ಮುಖಕ್ಕೆ ಹಿಡಿದಳು. ಕಪ್ಪು ಚೂರುಗಳ ಜೊತೆ ಬೆಳ್ಳಗೆ, ಅಂಟಂಟಾಗಿ ಏನೋ ಮೆತ್ತಿಕೊಂಡಿತ್ತು. ಭಾವ ಅದನ್ನು ಬೆರಳಲ್ಲಿ ಮುಟ್ಟಿದರು. ಹೊಸೆದು ನೋಡಿದರು.

"ಗಂಜಿ," ಎಂದರು.

ಅಕ್ಕ ಕಣ್ಣು ಮುಚ್ಚಿ ಉಸಿರು ಬಿಟ್ಟಳು.

"ಗಂಜಿ ಕಣಯ್ಯಾ! ಗಂಜಿ ತೆಗೀದೇ ಒತ್ತಿಬಿಟ್ಟಿದೀವಿ! ಮಸಿ ಬಟ್ಟೆ ಮೇಲೆ ಕೂತೇ ಇಲ್ಲ, ಗಂಜಿ ಮೇಲೆ ಕೂತಿದೆ! ಅವಳು ಅವತ್ತು ಬಚ್ಚಲು ತೋರಿಸಿದ್ದು..." ಭಾವ ಬಟ್ಟೆಯ ಒದ್ದೆ ಅಂಚು ಹಿಡಿದುಕೊಂಡರು. "ಲೋಟ ತೋರಿಸಿದ್ದು... ಇವಳೇ, ನೀನು ದಿನಾ ಹೇಳ್ತಾನೇ ಇದ್ಯಲ್ಲೇ! ದಿನಾ!"

ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು ಅದು. ಒಂದೇ ಸಲ ಬಟ್ಟೆ ಕೊಂಡ ಅಪರಿಚಿತನೂ ಹೊಸ್ತಿಲಲ್ಲಿ ಕೇಳಿದ ಪಾಠವನ್ನು ಮನೆಗೆ ಹೋಗಿ ಪಾಲಿಸುತ್ತಿದ್ದ. ಜೀವಮಾನವಿಡೀ ಕೇಳಿದ ನಮಗೆ ಅದು ಕೇಳಿಸಿಯೇ ಇರಲಿಲ್ಲ. ಮಾತಿದ್ದಾಗ ಕೇಳಿಸಿಕೊಳ್ಳದವರು ಮಾತು ಹೋಯಿತೆಂದು ಅಳುತ್ತ ಕೂತಿದ್ದೆವು.

ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದೆವು. ಅಕ್ಕನ ಕುರ್ಚಿಯನ್ನು ಬಚ್ಚಲ ಬಾಗಿಲಿಗೇ ತಂದಿಟ್ಟೆವು. ಭಾವ ಹಿಂಡಿ ಎತ್ತಿ ತೋರಿಸುವರು. ಅವಳು ಬೆರಳಿಂದ ಮುಟ್ಟಿ "ಆಮೇಲೆ" ಎನ್ನುವಳು. ಅವರು ನೀರು ಬದಲಿಸಿ ಮತ್ತೆ ಮುಳುಗಿಸುವರು. ಕೊನೆಗೊಮ್ಮೆ ಅವಳು ಮುಟ್ಟಿ ಏನೂ ಅನ್ನಲಿಲ್ಲ. ಅದೇ ಒಪ್ಪಿಗೆ. ಗರಿಗರಿಯೆಲ್ಲ ಹೋಗಿ ಬಟ್ಟೆ ಮೆತ್ತಗಾಗಿತ್ತು. ಹಳೆಯ ಚಿತ್ರಗಳು ಬೂದಿ ಬಣ್ಣದ ನೆರಳಾಗಿ ಅಲ್ಲಲ್ಲಿ ಉಳಿದಿದ್ದವು. ಭಾವ ಮಂಚದ ಕಾಲಿನ ಕೆಳಗಿಂದ ಅಚ್ಚುಗಳನ್ನು ಎಳೆದರು; ಮಂಚ ಮತ್ತೆ ಕುಂಟತೊಡಗಿತು. ಭಾರ ಬಿದ್ದು ಲೋಟದ ಅಚ್ಚು ಒಂದು ಕಡೆ ಚಪ್ಪಟೆಯಾಗಿತ್ತು. ಹಾಗೇ ಒತ್ತಿದರು.

ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಸರಿಹೋಗಲಿಲ್ಲ. ಡಾಕ್ಟರು ಹೇಳಿದ ತಿಂಗಳುಗಳು ಮುಗಿದವು. ಬಲಗೈ ಬರಲಿಲ್ಲ, ಎರಡನೆಯ ಪದವೊಂದು ಬರಲಿಲ್ಲ. ಮಗ್ಗ ಕೊಯ್ದ ಎಳೆಗಳನ್ನು ಇಳಿಬಿಟ್ಟುಕೊಂಡು ಹಾಗೇ ನಿಂತಿದೆ. ಬಟ್ಟೆಯ ಮೇಲೆ ಇಲ್ಲದ ಸಂಗತಿ ಹೇಳಬೇಕಾದಾಗ ಅಕ್ಕ ಈಗಲೂ ಗೋಡೆಗೆ ತಿರುಗುತ್ತಾಳೆ. ಅಂಥ ದಿನ ಭಾವ ಮನೆಯೆಲ್ಲ ಹುಡುಕಿ ಒಂದೊಂದೇ ಸಾಮಾನು ತಂದು ಅವಳೆದುರು ಹಿಡಿಯುತ್ತಾರೆ. ಅವಳು ತಲೆಯಾಡಿಸಿದ್ದನ್ನು ಹಾಸಿನ ಮೇಲೆ ಮಲಗಿಸುತ್ತಾರೆ. ಹೆಚ್ಚಿನ ಸಲ ಯಾವುದಕ್ಕೂ ಅವಳು ತಲೆಯಾಡಿಸುವುದಿಲ್ಲ. ಟೀಚರ್ ಒಂದು ದಿನ ತಾನಾಗಿಯೇ ಬಂದಳು. ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಹೋಗುವಾಗ, ಇನ್ನೊಂದು ಮನೆಯಲ್ಲಿ ಹೀಗೇ ಒಬ್ಬರು ಮಲಗಿದ್ದಾರೆ, ಅವರ ಸಾಮಾನು ಕೆತ್ತಿಕೊಡುತ್ತೀರಾ ಎಂದು ಕೇಳಿದಳು. ಭಾವ ಈಗ ಅಂಥ ಮನೆಗಳಿಗೆ ಹೋಗುತ್ತಾರೆ. ಆ ಮನೆಯವರದೇ ಕೈಮಗ್ಗದ ಬಟ್ಟೆ ಕೇಳುತ್ತಾರೆ, ಹೊಸ್ತಿಲಲ್ಲೇ ನಿಂತು "ಮೊದ್ಲು ನೆನೆಹಾಕಿ" ಎನ್ನುತ್ತಾರೆ.

ಬಟ್ಟೆ ಎರಡನೆಯ ಸಲ ಒಣಗಿದ ದಿನದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ನಾನು ಬೆಳಿಗ್ಗೆಯಿಂದ ಅಲ್ಲೇ ಇದ್ದೆ, ಸ್ವಲ್ಪ ಹೆಚ್ಚೇ ಮಾತಾಡಿದ್ದೆ. ಅಕ್ಕ ಬಟ್ಟೆಯನ್ನು ಮಡಿಲಲ್ಲಿ ಎಳೆದುಕೊಂಡಳು. ಬೆರಳು ಲೋಟದತ್ತ ಹೋಗಲಿಲ್ಲ. ಕೊಡೆಯ ಅಸ್ಥಿಪಂಜರದ ಮೇಲೆ ನಿಂತಿತು. ನನ್ನ ಕಣ್ಣು ತುಂಬಿತು. ನನ್ನ ಅಕ್ಕ ನನ್ನನ್ನು ಕರೆದಿದ್ದಳು. ಬೆರಳು ಅಲ್ಲಿಂದ ನಿಧಾನವಾಗಿ ಸರಿದು ಚಪ್ಪಲಿಯ ಮೇಲೆ ಕೂತಿತು.

ಭಾವ ಬಗ್ಗಿ ನೋಡಿ, ಗಂಭೀರವಾಗಿ, "ನೀನು ಹೊರಡ್ಬೇಕಂತೆ ಕಣಯ್ಯಾ," ಎಂದರು.

"ಆಮೇಲೆ," ಎಂದಳು ಅಕ್ಕ. ಬೆರಳು ಮಾತ್ರ ಚಪ್ಪಲಿ ಬಿಟ್ಟು ಕದಲಲಿಲ್ಲ.

ಹೊರಟೆ. ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿದೆ. ಅವಳ ಬೆರಳು ಬಟ್ಟೆಯ ಮೇಲೆ ಮತ್ತೆ ಹೊರಟಿತ್ತು. ಬಾಚಣಿಗೆ ದಾಟಿ, ಲಾಳಿ ದಾಟಿ, ಭಾವನ ಅಂಗೈಯ ಮೇಲೆ ಬಂದು ನಿಂತಿತು.

"ಹೂಂ, ನಾನು," ಎಂದರು ಭಾವ, ಮಂಡಿಯೂರಿ ಹತ್ತಿರ ಸರಿದು. "ನಾನು... ಏನು? ಹೇಳು, ಏನ್ ಬೇಕು?"

ಅವರು ಎರಡನೆಯ ಚಿತ್ರಕ್ಕಾಗಿ ಬೆರಳನ್ನೇ ನೋಡುತ್ತ ಕಾಯುತ್ತಿದ್ದರು. ಬೆರಳು ಅಲ್ಲೇ ಇತ್ತು.